ಹನ್ನೊಂದು ನಿಮಿಷ ನಾಲ್ಕು ಸೆಕೆಂಡು

ತಪ್ಪು ತನ್ನದೇ ಎಂದು ಗೊತ್ತಾದ ಕೂಡಲೇ ಅವನಿಗೆ ಹೊಳೆದ ಮೊದಲ ಕೆಲಸವೆಂದರೆ ಎದ್ದು ಕಿಟಕಿ ಮುಚ್ಚುವುದು. ಆದರೆ ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ಹಿಂದೆ ಪೊರಕೆ, ಬಕೆಟ್ಟು ಇಡುತ್ತಿದ್ದ ಗೂಡು ಅದು. ಅವನು ಕೆಲಸಕ್ಕೆ ಸೇರಿದ ವರ್ಷ ಪೊರಕೆಗಳಿಗೆ ಇನ್ನೂ ಒಳ್ಳೆಯ ಜಾಗ ಸಿಕ್ಕಿದ್ದರಿಂದ ಇದನ್ನು ಅವನಿಗೆ ಬಿಟ್ಟುಕೊಟ್ಟು, ಬಾಗಿಲ ಮೇಲೆ ‘ಜಾಲ ವಿಭಾಗ’ ಎಂದು ಚೀಟಿ ಅಂಟಿಸಿದ್ದರು. ವಿಭಾಗವೆಂದರೆ ಅವನೊಬ್ಬನೇ. ಕನ್ನಡಕದ ಗಾಜು ಉಜ್ಜುವ ಈ ಕಾರ್ಖಾನೆಯ ಇನ್ನೂರು ಜನರಲ್ಲಿ ಅವನ ನಿಜವಾದ ಹೆಸರು ಬಲ್ಲವರು ಇಬ್ಬರೋ ಮೂವರೋ. ಉಳಿದವರಿಗೆಲ್ಲ ಅವನು ಸಿಗ್ನಲ್ಲಪ್ಪ. ‘ಸಿಗ್ನಲ್ಲಪ್ಪಾ, ನಮ್ಮ ಕಡೆ ಬರ್ತಾ ಇಲ್ಲ ನೋಡಪ್ಪಾ’ ಎಂದು ಯಾರಾದರೂ ಕೂಗಿದರೆ ಏಣಿ ಹೊತ್ತು ಓಡಬೇಕು, ಚಾವಣಿಗೆ ಅಂಟಿಕೊಂಡ ವೈಫೈ ಡಬ್ಬಿಯನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಬೇಕು, ಇಳಿದು ಬರಬೇಕು. ಮಹಾ ವಿದ್ಯೆ! ಅದಕ್ಕಾಗಿ ನಾಲ್ಕು ವರ್ಷ ಓದಿದ್ದ. ಈಗ ಪರದೆಯ ಮೇಲೆ ಒಂದೇ ಒಂದು ಸಾಲು ಅವನನ್ನೇ ದಿಟ್ಟಿಸುತ್ತಿತ್ತು. ಹಾಜರಿ ಬರೆಯುವ ಹಿಂಬಾಗಿಲಿನ ಡಬ್ಬಿಯ ಗಡಿಯಾರವನ್ನು ‘ಕೈಯಿಂದ’ ಎಂಬಲ್ಲಿಂದ ‘ತಾನಾಗಿ’ ಎಂಬಲ್ಲಿಗೆ ಬದಲಾಯಿಸಿ, ಸಮಯ ಹೇಳುವ ಸರ್ವರಿನ ವಿಳಾಸ ತುಂಬಿ, ಗಂಟೆಗೊಮ್ಮೆ ಸರಿನೋಡಿಕೊಳ್ಳಲು ಹೇಳಿ, ‘ಉಳಿಸು’ ಒತ್ತಿದ್ದ. ಒಟ್ಟು ನಾಲ್ಕು ನಿಮಿಷದ ಕೆಲಸ. ಡಬ್ಬಿ ತನ್ನ ದಿನಚರಿಯಲ್ಲಿ ನಿರ್ವಿಕಾರವಾಗಿ ಬರೆದುಕೊಂಡಿತ್ತು: ಗಡಿಯಾರ ತಿದ್ದಲಾಗಿದೆ, ಹಿಂದಕ್ಕೆ, ಹನ್ನೊಂದು ನಿಮಿಷ ನಾಲ್ಕು ಸೆಕೆಂಡು. ಅಂದರೆ ಈ ಮಹಾನುಭಾವ ಡಬ್ಬಿ ಹದಿನಾಲ್ಕು ತಿಂಗಳಿಂದ ಲೋಕಕ್ಕಿಂತ ಹನ್ನೊಂದು ನಿಮಿಷ ಮುಂದೆ ಬದುಕುತ್ತಿತ್ತು. ಆ ಹದಿನಾಲ್ಕು ತಿಂಗಳ ಹಾಜರಿಯನ್ನು ಅಚ್ಚು ತೆಗೆದು ಇವತ್ತು ಮೂರು ಗಂಟೆಗೆ ವಿಚಾರಣೆಯ ಮೇಜಿನ ಮೇಲೆ ಇಡಬೇಕಾದವನೂ ಅವನೇ.

ಬೆಳಿಗ್ಗೆ ಆಡಳಿತದ ಮುಖ್ಯಸ್ಥರು ಕರೆಸಿದಾಗ ಅವನು ಏಣಿ ಸಮೇತ ಹೋಗಿದ್ದ. ಏಣಿ ಇಲ್ಲದೆ ಹೋದರೆ ಯಾಕೆ ಬಂದೆ ಎಂದು ಕೇಳುತ್ತಾರೇನೋ ಎಂಬ ಅಂಜಿಕೆ ಅವನಿಗೆ ಮೊದಲಿಂದಲೂ ಇತ್ತು. ಆ ಮುಖ್ಯಸ್ಥರನ್ನು ಕಾರ್ಖಾನೆಯೆಲ್ಲ ಬೆನ್ನ ಹಿಂದೆ ರೂಲುದೊಣ್ಣೆ ಎನ್ನುತ್ತದೆ. ಮನುಷ್ಯ ನೋಡಲೂ ಹಾಗೆಯೇ, ಮೇಲಿಂದ ಕೆಳತನಕ ಒಂದೇ ಅಳತೆ. ‘ಏನ್ರೀ, ಡಬ್ಬಿಗಳ ಟೈಮೆಲ್ಲ ಆಟೋಮ್ಯಾಟಿಕ್ ಇರ್ಬೇಕಂತೆ. ಮುಖ್ಯ ಕಚೇರಿ ಪತ್ರ ಬಂದಿದೆ, ಪರ್ಮಿಷನ್ನೂ ಕೊಟ್ಟಿದ್ದಾರೆ. ಮೂರು ಗಂಟೆ ಒಳಗೆ ಮಾಡ್ಬಿಡಿ. ಆಮೇಲೆ ಆಯಮ್ಮ ಗಡಿಯಾರ ಸರಿ ಇಲ್ಲ ಅಂತ ತಕರಾರು ತೆಗೆದ್ರೆ ನಾವು ತಲೆ ಎತ್ಕೊಂಡು ಉತ್ತರ ಹೇಳ್ಬಹುದು’ ಎಂದರು. ‘ಆಯ್ತು ಸಾರ್’ ಎಂದ. ‘ಏಣಿ ಯಾಕ್ರೀ ತಂದಿದ್ದೀರಿ?’ ಎಂದರು. ಅವನು ಹಲ್ಲು ಕಿರಿದ. ಆಯಮ್ಮ ಎಂದರೆ ಗಾಜಿನಕ್ಕ. ಉಜ್ಜಿ ಬಂದ ಗಾಜನ್ನು ದೀಪದ ಕೆಳಗೆ ಹಿಡಿದು, ಬೇರೆ ಯಾರ ಕಣ್ಣಿಗೂ ಬೀಳದ ಗೀರನ್ನು ಹುಡುಕಿ ಪಕ್ಕಕ್ಕೆ ಇಡುವವಳು. ಇಪ್ಪತ್ತೆರಡು ವರ್ಷ ಅದೇ ದೀಪ, ಅದೇ ಸ್ಟೂಲು. ಕೊರಳಿಗೆ ಬಿಲ್ಲೆ ನೇತುಹಾಕಿಕೊಂಡು ಬಾಗಿಲು ದಾಟಿದರೆ ಮೇಲಿರುವ ಡಬ್ಬಿ ಅದನ್ನು ಗುರುತಿಸಿ ಬಂದ ಹೊತ್ತು ಬರೆಯುವ ಹೊಸ ಹಾಜರಿ ಶುರುವಾದಂದಿನಿಂದ ಆಕೆ ದಿನಾಲೂ ಆರು ನಿಮಿಷ ತಡ. ಒಂದು ದಿನ ಬಿಟ್ಟು ಒಂದು ದಿನವಲ್ಲ, ದಿನಾಲೂ. ಮೂರು ಸಲ ನೋಟೀಸು ಕೊಟ್ಟಾಗಿತ್ತು. ಇವತ್ತು ವಿಚಾರಣೆ, ನಾಳೆಯಿಂದ ದೀಪ ಬಿಟ್ಟು ಪ್ಯಾಕಿಂಗಿಗೆ, ರಟ್ಟಿನ ಪೆಟ್ಟಿಗೆಗೆ ಟೇಪು ಸುತ್ತುವುದಕ್ಕೆ. ಅಷ್ಟು ಚೊಕ್ಕವಾಗಿ ದಿನಾಲೂ ಆರೇ ನಿಮಿಷ ತಡವಾಗಿ ಬರುವುದು ಯಾವ ಸೋಮಾರಿಗೂ ಸಾಧ್ಯವಿಲ್ಲ ಎಂದು ಇನ್ನೂರು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಲ್ಲ ಎಂದು ಅವನು ಈಗ ಆಶ್ಚರ್ಯಪಟ್ಟ. ಆ ಇನ್ನೂರರಲ್ಲಿ ತಾನೂ ಒಬ್ಬ ಎಂಬುದು ಸ್ವಲ್ಪ ತಡವಾಗಿ ನೆನಪಾಯಿತು.

ಮುಂಬಾಗಿಲಿನ ಡಬ್ಬಿಯನ್ನು ಮಾರಿದ ಕಂಪನಿಯವರೇ ಬಂದು ಹಾಕಿಕೊಟ್ಟಿದ್ದರು, ಅದರ ಗಡಿಯಾರಕ್ಕೆ ಏನೂ ರೋಗವಿರಲಿಲ್ಲ. ಹಿಂಬಾಗಿಲಿನದು ಅವನ ಸ್ವಂತ ಕೃತಿ. ಡಬ್ಬಿ ತಾನಾಗಿ ಸಮಯ ತಿಳಿಯಬೇಕಾದರೆ ಹೊರಗಿನ ಸರ್ವರಿಗೆ ದಾರಿ ಬಿಡಬೇಕು, ದಾರಿ ಬಿಡುವುದಕ್ಕೆ ಮುಖ್ಯ ಕಚೇರಿಯ ಒಪ್ಪಿಗೆ ಬೇಕು, ಒಪ್ಪಿಗೆಗೆ ಮೂರು ಪುಟದ ಅರ್ಜಿ. ಎರಡನೇ ಪುಟದಲ್ಲಿ ‘ಈ ಅವಶ್ಯಕತೆಯನ್ನು ಸಮರ್ಥಿಸಿ’ ಎಂದಿತ್ತು. ತನ್ನನ್ನು ಸಮರ್ಥಿಸಿಕೊಳ್ಳುವುದೆಂದರೆ ಅವನಿಗೆ ಚಿಕ್ಕಂದಿನಿಂದ ಆಗದು. ನಾಳೆ ತುಂಬಿದರಾಯಿತು ಎಂದು ಅರ್ಜಿಯನ್ನು ಡ್ರಾಯರಿಗೆ ಹಾಕಿ, ಏಣಿ ಹತ್ತಿ, ಸಮಯವನ್ನು ಕೈಯಿಂದಲೇ ಕೂಡಿಸಿದ್ದ. ಲ್ಯಾಪ್‌ಟಾಪಿನ ಗಡಿಯಾರದ ಸೆಲ್ಲು ಸತ್ತು ಎರಡು ವರ್ಷವಾಗಿತ್ತು, ಅದು ಯಾವಾಗಲೂ ಯಾವುದೋ ಹಳೆಯ ಜನವರಿಯಲ್ಲೇ ಇರುತ್ತಿತ್ತು. ಹಾಗಾಗಿ ಕೈಗಡಿಯಾರ ನೋಡಿದ. ಎಂತಹ ಕೈಗಡಿಯಾರ! ಮದುವೆಯಾದ ಹೊಸತರಲ್ಲಿ ಎಲ್ಲಿಗೆ ಹೋದರೂ ತಡವಾಗಿ ಹೋಗುವ ಗಂಡನ ಮಣಿಕಟ್ಟು ಹಿಡಿದು ಹೆಂಡತಿ ಅದರ ಮುಳ್ಳನ್ನು ಮುಂದಕ್ಕೆ ತಿರುಗಿಸಿದ್ದಳು. ‘ಹತ್ತು ನಿಮಿಷ ಮುಂದಿಟ್ರೆ ನೀವು ಸಲೀಸಾಗಿ ಕಳೆದ್ಬಿಡ್ತೀರಿ. ಹನ್ನೊಂದು ಇಡ್ತೀನಿ. ಕಳೆಯೋಕೆ ಬೇಜಾರಾಗಿ ನಂಬ್ತೀರಿ.’ ಹೆಂಡತಿಯ ಬುದ್ಧಿ ಎಂದರೆ ಬುದ್ಧಿ. ಆದರೆ ಅವನು ಹನ್ನೊಂದನ್ನೂ ಕಳೆಯಲು ಕಲಿತ. ಈಗ ಅದು ಉಸಿರಾಟದಷ್ಟೇ ಸಲೀಸು, ಕಳೆಯುತ್ತಿದ್ದೇನೆ ಎಂದು ಗೊತ್ತೇ ಆಗುವುದಿಲ್ಲ. ಏಣಿಯ ಮೇಲೆ ಒಂದು ಕೈಯಲ್ಲಿ ಲ್ಯಾಪ್‌ಟಾಪು, ಬಾಯಲ್ಲಿ ಸ್ಕ್ರೂ ಡ್ರೈವರು, ಕೆಳಗೆ ನಿಂತವರು ಬೇಗ ಬೇಗ ಎಂದು ಕೂಗುವಾಗ ಆ ಕಳೆಯುವ ಕೆಲಸವೊಂದನ್ನು ಅವನ ತಲೆ ಮಾಡಲಿಲ್ಲ. ಮುಳ್ಳು ಏನು ಹೇಳಿತೋ ಅದನ್ನೇ ಕುಟ್ಟಿದ. ಕರೆಂಟು ಹೋಗಿ ಬಂದು ಡಬ್ಬಿ ಸಮಯ ಮರೆತಾಗಲೆಲ್ಲ ಹತ್ತಿದ, ಕುಟ್ಟಿದ, ಇಳಿದ. ಹೀಗೆ ಜಗತ್ತಿನ ಅತಿ ಸೋಮಾರಿ ಮನುಷ್ಯನನ್ನು ಎಬ್ಬಿಸಲು ಮಾಡಿದ ಒಂದು ಮನೆಯ ಉಪಾಯ, ಆ ಸೋಮಾರಿಯನ್ನು ಬಿಟ್ಟು, ದಿನಾ ಸರಿಯಾದ ಹೊತ್ತಿಗೆ ಬರುವ ಒಬ್ಬ ಹೆಂಗಸಿನ ತಲೆಯ ಮೇಲೆ ಬಿದ್ದಿತ್ತು. ಹಿಂಬಾಗಿಲಿಂದ ಬರುವ ಉಳಿದ ನಲವತ್ತು ಜನ ಕಾರ್ಖಾನೆಯ ಬಸ್ಸಿನಲ್ಲಿ ಎಂಟೂ ಹತ್ತಕ್ಕೇ ಬಂದಿಳಿಯುತ್ತಾರೆ. ಡಬ್ಬಿ ಎಂಟೂ ಇಪ್ಪತ್ತೊಂದು ಎಂದು ಬರೆದರೂ ಪಾಳಿಯ ಎಂಟೂವರೆಗೆ ಇನ್ನೂ ಹೊತ್ತಿರುತ್ತದೆ. ಸಂಜೆಯಂತೂ ಎಲ್ಲರೂ ಹನ್ನೊಂದು ನಿಮಿಷ ಹೆಚ್ಚಿಗೆ ದುಡಿದಂತೆ ದಾಖಲಾಗುತ್ತಿತ್ತು. ಹೋಗುವ ಹೊತ್ತನ್ನು ಯಾರು ನೋಡುತ್ತಾರೆ?

ಅವನು ಎದ್ದ. ಏಣಿ ಹೆಗಲಿಗೇರಿಸಿ ತಪಾಸಣೆಯ ಕೋಣೆಗೆ ಹೋದ. ಯಾಕೆ ಹೋದ ಎಂದು ಕೇಳಿದರೆ, ಹೇಳಿಬಿಡಲು ಎನ್ನುತ್ತಿದ್ದ. ಏಣಿ ಯಾಕೆ ಎಂದು ಮಾತ್ರ ಯಾರೂ ಕೇಳಬಾರದಿತ್ತು. ಕೋಣೆಯ ಕಿಟಕಿ ಪರದೆಗಳೆಲ್ಲ ಇಳಿಬಿಟ್ಟಿದ್ದವು. ಐದು ದೀಪಗಳ ಕೆಳಗೆ ಐದು ತಲೆಗಳು. ಗಾಜಿನಕ್ಕ ಒಂದು ಗಾಜನ್ನು ಬೆರಳ ತುದಿಯಲ್ಲಿ ಹಿಡಿದು ತಿರುಗಿಸಿದಳು, ಒಳ್ಳೆಯದರ ತಟ್ಟೆಗೆ ಇಟ್ಟಳು, ಮತ್ತೆ ಎತ್ತಿದಳು, ಮತ್ತೆ ತಿರುಗಿಸಿದಳು, ಇಟ್ಟಳು. ಮೂರನೇ ಸಲ ಎತ್ತಿದಳು. ಪಕ್ಕದ ದೀಪದವಳ ತಟ್ಟೆ ತುಂಬಿತ್ತು, ಈಕೆಯದರಲ್ಲಿ ಆರೇಳು ಗಾಜು. ಇದೇ ಹೆಂಗಸು ಹಿಂದೆ ಯಂತ್ರಕ್ಕಿಂತ ಚುರುಕಾಗಿ ನೋಡುತ್ತಿದ್ದಳು, ನೋಡುತ್ತಲೇ ಎಲ್ಲರನ್ನೂ ಗೇಲಿ ಮಾಡುತ್ತಿದ್ದಳು.

‘ಏನು ಸಿಗ್ನಲ್ಲಪ್ಪ, ಏಣಿ ತಂದಿದ್ದೀರಿ? ನಮ್ಮಲ್ಲಿ ಚೆನ್ನಾಗೇ ಬರ್ತಿದೆಯಲ್ಲ?’

‘ಸುಮ್ನೆ ಅಕ್ಕಾ. ಒಂದ್ಸಲ ನೋಡ್ಕೊಂಡು ಹೋಗೋಣ ಅಂತ.’

‘ಮೂರು ಗಂಟೆಗೆ ನನ್ನ ಕರೆದಿದ್ದಾರೆ.’ ಗಾಜಿನಿಂದ ಕಣ್ಣು ಕೀಳದೆ ಹೇಳಿದಳು. ‘ಬೈಯೋದಾದ್ರೆ ಬೈಲಿ. ಅತ್ತೆಗೆ ಏಳೂವರೆಗೆ ಸೂಜಿ ಚುಚ್ಚದೇ ಮನೆ ಬಿಡೋ ಹಾಗಿಲ್ಲ. ಚುಚ್ಚಿ ಓಡಿದ್ರೆ ಏಳೂ ಐವತ್ತರ ಸಿಟಿ ಬಸ್ಸು. ಇಲ್ಲಿ ಬಂದು ಫೋನ್ ನೋಡ್ಕೊಂಡ್ರೆ ಎಂಟೂ ಇಪ್ಪತ್ತೈದು, ಮೆಟ್ಟಿಲ ಹತ್ರ ಗೋಡೆ ಗಡಿಯಾರದಲ್ಲೂ ಎಂಟೂ ಇಪ್ಪತ್ತೈದು. ಮೊದಮೊದಲು ಜಗಳಾನೇ ಆಡಿದೆ. ಫೋನಿನ ಟೈಮ್ ನೀವೇ ತಿರುಗಿಸ್ಕೊಬಹುದು ಅಂದ್ರು. ಗೋಡೆದು ಸೆಲ್ಲಿನ ಗಡಿಯಾರ, ಇದು ಕಂಪ್ಯೂಟರು ಕಣಮ್ಮ ಅಂದ್ರು. ಅದೂ ಹೋಗ್ಲಿ. ಆ ಬಾಗಿಲಲ್ಲಿ ನಲವತ್ತು ಜನ ಬರ್ತಾರೆ, ಒಬ್ಬರೂ ಲೇಟಿಲ್ಲ. ನನಗೊಬ್ಬಳಿಗೇ ತಪ್ಪು ತೋರ್ಸೋಕೆ ಆ ಡಬ್ಬಿಗೇನು ನನ್ನ ಮೇಲೆ ಹಗೇನಾ?’ ನಕ್ಕಳು. ನಕ್ಕಿದ್ದು ಅರ್ಧಕ್ಕೇ ನಿಂತಿತು. ‘ಆಮೇಲೆ ಅನ್ನಿಸ್ತು, ನಾನೇ ಎಲ್ಲೋ ನಿಂತುಬಿಡ್ತೀನೇನೋ ಅಂತ. ಗೇಟು, ಮೆಟ್ಟಿಲು, ಎಲ್ಲೋ ಒಂದು ಕಡೆ, ನನಗೇ ಗೊತ್ತಿಲ್ದ ಹಾಗೆ. ನಮ್ಮ ಯಜಮಾನರು ಒಂದಿನ ಬಾಗಿಲವರೆಗೂ ಹಿಂದೇನೇ ಬಂದ್ರು. ಎಲ್ಲೂ ನಿಲ್ಲಲಿಲ್ಲ ಕಣೇ ಅಂದ್ರು. ಅವತ್ತೂ ಆರು ನಿಮಿಷ ಲೇಟು. ಅವರೂ ತಲೆ ಮೇಲೆ ಕೈ ಹೊತ್ಕೊಂಡು ಕೂತ್ರು. ಈಗ ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ಮರೆವಿಗೆ.’ ಗಾಜನ್ನು ಅವನತ್ತ ಚಾಚಿದಳು. ‘ನೋಡಿ, ಇದರಲ್ಲಿ ಗೀರು ಇದೆಯಾ?’

ಅವನು ನೋಡಿದ. ಅವನಿಗೆ ದೀಪ ಮಾತ್ರ ಕಂಡಿತು. ‘ಇಲ್ಲ ಅಕ್ಕಾ.’

‘ನನಗೂ ಇಲ್ಲ ಅಂತಾನೇ ಕಾಣತ್ತೆ. ಆದ್ರೆ ನನಗೆ ಕಾಣೋದೇ ಸರಿ ಅಂತ ಹೇಗೆ ಹೇಳ್ಲಿ?’

ಹೇಳಿಬಿಡಲು ಇದಕ್ಕಿಂತ ಒಳ್ಳೆಯ ಹೊತ್ತು ಬರುವುದು ಸಾಧ್ಯವಿರಲಿಲ್ಲ, ಆದ್ದರಿಂದ ಅವನು ಹೇಳಲಿಲ್ಲ. ಐದು ದೀಪಗಳ ಮುಂದೆ ಹೇಗೆ ಹೇಳುವುದು, ವಿಚಾರಣೆಯಲ್ಲೇ ಹೇಳಿದರೆ ಅಧಿಕೃತವಾಗುತ್ತದೆ ಎಂದು ತನಗೆ ತಾನೇ ತಿಳಿಹೇಳಿ, ಏಣಿಯನ್ನು ಒಂದು ಸಲ ಹತ್ತಿ ಇಳಿದು, ಗೂಡಿಗೆ ವಾಪಸು ಬಂದ. ಬಾಗಿಲು ಹಾಕಿಕೊಂಡ. ನಾಚಿಕೆಯಾಯಿತು. ಒಬ್ಬ ಹೆಂಗಸಿನ ಕೆಲಸ ಹೋಗುವುದು ಒಂದು ಮಾತು, ಅದಕ್ಕೆ ಪರಿಹಾರವೆಂದು ಏನಾದರೊಂದು ಇರುತ್ತದೆ. ಆದರೆ ಸ್ವಂತ ಕಣ್ಣು ಕಂಡದ್ದನ್ನು ಬೇರೆಯವರಿಗೆ ತೋರಿಸಿ ಹೌದಾ ಎಂದು ಕೇಳುವ ಹಾಗೆ ಮಾಡಿಟ್ಟಿದ್ದನಲ್ಲ, ಅದೂ ಒಂದು ಅರ್ಜಿ ತುಂಬುವ ಸೋಮಾರಿತನಕ್ಕೆ! ಪರದೆಯ ಮೇಲೆ ಸಾಲು ಹಾಗೆಯೇ ಇತ್ತು. ಕೆಳಗೆ ‘ದಿನಚರಿ ಅಳಿಸು’ ಎಂಬ ಗುಂಡಿಯೂ ಇತ್ತು. ಅವನ ಬೆರಳು ಅಲ್ಲಿಗೆ ಹೋಗಿ ಬಂತು, ಮತ್ತೆ ಹೋಯಿತು. ಅಳಿಸಲಿಲ್ಲ. ಅಳಿಸದೆ ಇದ್ದುದಕ್ಕೆ ತನ್ನ ಬಗ್ಗೆ ಒಂದು ಗೌರವ ಹುಟ್ಟಿ, ಬೆನ್ನು ಸ್ವಲ್ಪ ನೆಟ್ಟಗಾಯಿತು. ಅಳಿಸಿದರೆ ಯಾವ ಹೊತ್ತಿಗೆ ಯಾರು ಅಳಿಸಿದರು ಎಂದು ಡಬ್ಬಿ ಇನ್ನೊಂದು ಸಾಲು ಬರೆಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು ಅನ್ನುವುದು ಬೇರೆ ವಿಷಯ. ಊಟದ ಡಬ್ಬಿ ತೆರೆಯಲಿಲ್ಲ. ಶಾಲೆಯಲ್ಲಿ ಇನ್ನೊಬ್ಬನ ಸ್ಲೇಟು ಒಡೆದು, ಒಡೆದವನಿಗೇ ಏಟು ಬೀಳುವ ಬದಲು ಒಡೆಸಿಕೊಂಡವನಿಗೆ ಬೀಳುವುದನ್ನು ನೋಡುತ್ತ ನಿಂತದ್ದು ನೆನಪಾಯಿತು. ಅಥವಾ ಸ್ಲೇಟು ತನ್ನದೇ ಆಗಿತ್ತೇ? ಏಟು ತಿಂದವನು ತಾನೇ ಆಗಿದ್ದನೇ? ನೆನಪು ಕೂಡ ಅವನಿಗೆ ಅನುಕೂಲವಾದ ಕಡೆಗೇ ವಾಲುತ್ತಿತ್ತು. ಎರಡೂ ಐವತ್ತಕ್ಕೆ ಮುಖ ತೊಳೆದು, ಅಚ್ಚು ತೆಗೆದ ಕಾಗದದ ಮೇಲೆ ಆ ಒಂದು ಸಾಲಿನ ಕಾಗದವನ್ನೂ ಇಟ್ಟುಕೊಂಡು ಹೊರಟ. ಈ ಸಲ ಏಣಿ ಬಿಟ್ಟು ಹೋದ.

ವಿಚಾರಣೆಯ ಕೋಣೆಯಲ್ಲಿ ಮೂವರಿದ್ದರು: ರೂಲುದೊಣ್ಣೆ, ತಪಾಸಣೆಯ ಮೇಲ್ವಿಚಾರಕಿ, ಮತ್ತು ಗಾಜು ಉಜ್ಜುವವರ ಹಿರಿಯ ಮೇಸ್ತ್ರಿ. ಗಾಜಿನಕ್ಕನಿಗೆ ಕುರ್ಚಿ ಹಾಕಿದ್ದರು, ಅವನಿಗೆ ಇರಲಿಲ್ಲ. ಕುರ್ಚಿ ಇಲ್ಲದ್ದು ಒಳ್ಳೆಯದೇ ಆಯಿತು. ನಿಂತವನಿಗೆ ಮಾತು ಬೇಗ ಬರುತ್ತದೆ. ‘ಸಾರ್, ಒಂದು ವಿಷಯ. ಹಿಂಬಾಗಿಲ ಡಬ್ಬಿ ಗಡಿಯಾರ ಹನ್ನೊಂದು ನಿಮಿಷ ಮುಂದಿತ್ತು. ಇವತ್ತು ತಿದ್ದುವಾಗ ಗೊತ್ತಾಯ್ತು. ಟೈಮ್ ಹಾಕಿದ್ದು ನಾನೇ, ನನ್ನ ವಾಚ್ ನೋಡಿ. ಅಕ್ಕ ಒಂದು ದಿನಾನೂ ಲೇಟಾಗಿ ಬಂದಿಲ್ಲ.’ ಒಂದೇ ಉಸಿರಿಗೆ ಹೇಳಿ, ಆಕಾಶ ಕಳಚಿ ಬೀಳುವುದಕ್ಕೆ ಕಾದ. ಬೀಳಲಿಲ್ಲ. ರೂಲುದೊಣ್ಣೆಯವರು ಕಾಗದವನ್ನು ಎರಡು ಸಲ ಓದಿದರು, ಕನ್ನಡಕ ತೆಗೆದು ಒರೆಸಿದರು, ಯಾರ ಕುತ್ತಿಗೆಗೆ ಏನು ಬರುತ್ತದೆ ಎಂದು ಮನಸ್ಸಿನಲ್ಲೇ ಅಳೆದರು. ‘ಪ್ರಾಮಾಣಿಕವಾಗಿ ಹೇಳಿದ್ರಲ್ಲ, ಸಂತೋಷ. ಕಣ್ತಪ್ಪು ಯಾರಿಂದಾನೂ ಆಗತ್ತೆ. ಯಾರೋ ಬಂದು ಹೇಳಿದ್ಮೇಲೂ ನೋಡದೇ ಬಿಟ್ಟಿದ್ರೆ ಅದು ಬೇರೆ ಮಾತು, ಆಗ ನಿಮ್ಮನ್ನ ಇಟ್ಕೊಳ್ಳೋಕೆ ಆಗ್ತಿರ್ಲಿಲ್ಲ’ ಎಂದರು. ಅವನ ಮೈ ಹೂವಿನಂತೆ ಹಗುರಾಯಿತು. ಸತ್ಯ ಹೇಳುವುದು ಇಷ್ಟು ಅಗ್ಗವೆಂದು ಗೊತ್ತಿದ್ದರೆ ಮೊದಲಿಂದಲೂ ಹೇಳುತ್ತಿದ್ದ. ಗಾಜಿನಕ್ಕ ಮಾತ್ರ ಬಾಯಿ ಬಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು.

‘ನಾನು ಸರಿಯಾಗೇ ಬರ್ತಿದ್ನಾ?’

‘ಹೌದಕ್ಕಾ.’

‘ದಿನಾಲೂ?’

‘ದಿನಾಲೂ.’

ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು, ನಕ್ಕಳು, ಮೂಗು ಒರೆಸಿಕೊಂಡಳು. ಮೇಲ್ವಿಚಾರಕಿ ಗಂಟಲು ಸರಿಮಾಡಿಕೊಂಡು, ಹೊತ್ತಿನ ವಿಷಯ ಹಾಗಿರಲಿ, ಕೆಲಸ ಅರ್ಧಕ್ಕೆ ಇಳಿದಿದೆಯಲ್ಲ, ಒಂದೊಂದು ಗಾಜನ್ನೂ ಮೂರು ಮೂರು ಸಲ ನೋಡುತ್ತಾಳೆ, ಮರೆವಿನ ಮಾತ್ರೆ ಬೇರೆ ತಗೊಳ್ಳುತ್ತಾಳೆ ಎಂದಳು. ಮೇಸ್ತ್ರಿ ಮೇಜು ತಟ್ಟಿದರು. ‘ವರ್ಷವಿಡೀ ಹುಚ್ಚಿ ಹುಚ್ಚಿ ಅಂದ್ರೆ ಯಾರಿಗಾದ್ರೂ ಹುಚ್ಚು ಹಿಡಿಯತ್ತೆ ಕಣ್ರೀ. ಇವಳಂಥಾ ಕಣ್ಣು ಈ ಕಾರ್ಖಾನೇಲಿ ಇನ್ನೊಂದಿಲ್ಲ. ಏನಮ್ಮ, ದೀಪದ ಕೆಳಗೇ ಕೂರ್ತೀಯಾ? ನಿನ್ನ ಮೇಲೆ ನಿನಗೆ ನಂಬಿಕೆ ಇದೆಯಾ?’

‘ಈಗ ಬಂತು ಮೇಸ್ತ್ರಿ’ ಎಂದಳು. ಹಳೆಯ ದನಿ, ಗೇಲಿ ಮಾಡುವವಳ ದನಿ.

‘ಹಾಗಾದ್ರೆ ಮುಗೀತು’ ಎಂದು ಮೇಸ್ತ್ರಿ ಎದ್ದೇಬಿಟ್ಟರು. ಆದರೆ ರೂಲುದೊಣ್ಣೆಯವರು ಯಾವುದನ್ನೂ ಹಾಗೆ ಮುಗಿಸುವವರಲ್ಲ. ನಾಳೆ ಮುಖ್ಯ ಕಚೇರಿಯವರು ಕೇಳಿದರೆ ತಮ್ಮ ಕಡೆಯದು ಚೊಕ್ಕವಾಗಿರಬೇಕು. ‘ಒಂದು ಬರ್ಕೊಳ್ಳೋದಿದೆ. ಮೊದಲ್ನೇ ನೋಟೀಸು ಕೊಟ್ಟಾಗ್ಲೇ ಹೇಳಿದ್ದೆ ನಾನು, ಅನುಮಾನ ಇದ್ರೆ ಹೋಗಿ ಜಾಲ ವಿಭಾಗದಲ್ಲಿ ವಿಚಾರಿಸಮ್ಮ ಅಂತ. ವಿಚಾರಿಸಿದ್ರಾ?’

‘ಹೂಂ ಸಾರ್, ಕೇಳಿದ್ದೆ.’ ಹೇಳಿದಳು, ಹೇಳಿದ ಕೂಡಲೇ ಹುಬ್ಬು ಗಂಟಿಕ್ಕಿತು. ‘ಕೇಳಿದ್ದೆ ಅಂತಾನೇ ನೆನಪು. ಇವರ ಬಾಗಿಲ ಹತ್ರ ನಿಂತ್ಕೊಂಡು.’ ಅವನ ಕಡೆ ತಿರುಗಿದಳು. ‘ಕೇಳಿದ್ನಲ್ವಾ?’

ಅವತ್ತು ಆಕೆ ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಬಂದಿದ್ದಳು, ಗೂಡಿನ ನೆಲಕ್ಕೆ ಅಷ್ಟು ಮರ್ಯಾದೆ ಕೊಟ್ಟವರು ಬೇರೆ ಯಾರೂ ಇರಲಿಲ್ಲ. ಕೈಯಲ್ಲಿ ಮೊದಲನೇ ನೋಟೀಸು ನಾಲ್ಕು ಮಡಿಕೆಯಾಗಿತ್ತು. ‘ಬೇಜಾರು ಮಾಡ್ಕೋಬೇಡಿ, ಆ ಡಬ್ಬಿ ಗಡಿಯಾರ ಒಂದ್ಸಲ ನೋಡ್ತೀರಾ?’ ಎಂದಿದ್ದಳು. ಅವನು ಚಹಾ ಕುಡಿಯುತ್ತಿದ್ದ, ಕುರ್ಚಿಯಿಂದ ಏಳಲಿಲ್ಲ, ಲೋಟ ಕೆಳಗಿಡಲೂ ಇಲ್ಲ. ‘ಕಂಪ್ಯೂಟರಿಗೆ ಟೈಮ್ ತಪ್ಪಾಗಲ್ಲಕ್ಕಾ. ನೀವೇ ಸ್ವಲ್ಪ ಬೇಗ ಹೊರಡಿ’ ಎಂದಿದ್ದ. ಎಂದು, ಒಬ್ಬರಿಗೆ ಬುದ್ಧಿ ಹೇಳುವ ಅವಕಾಶ ತನಗೂ ಸಿಕ್ಕಿತಲ್ಲ ಎಂದು ಆ ದಿನವೆಲ್ಲ ಒಂದು ಸಣ್ಣ ಸುಖವನ್ನೂ ಅನುಭವಿಸಿದ್ದ. ಸಂಜೆ ಹೆಂಡತಿಗೆ ಹೇಳಿ ನಕ್ಕಿದ್ದ. ಹೇಗೆ ಮರೆತಿದ್ದ ಇದನ್ನು? ಮರೆತಿರಲಿಲ್ಲ. ಬೆಳಿಗ್ಗೆಯಿಂದ ಎಲ್ಲವನ್ನೂ ನೆನೆದು ಪಶ್ಚಾತ್ತಾಪಪಟ್ಟು, ಇದೊಂದನ್ನು ಮಾತ್ರ ಜೋಪಾನವಾಗಿ ಪಕ್ಕಕ್ಕಿಟ್ಟಿದ್ದ. ರೂಲುದೊಣ್ಣೆಯವರ ಪೆನ್ನು ಕಾಗದದ ಮೇಲೆ ನಿಂತಿತ್ತು. ಮೇಸ್ತ್ರಿ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದರು. ಗಾಜಿನಕ್ಕನ ಮುಖದಲ್ಲಿ ಆರೋಪವೆಂಬುದೇ ಇರಲಿಲ್ಲ. ಆಕೆಗೆ ಅವನನ್ನು ಸಿಕ್ಕಿಸಬೇಕಾಗಿರಲಿಲ್ಲ. ತನ್ನ ತಲೆಯಲ್ಲಿರುವುದು ನಡೆದದ್ದೇ ಎಂದು ಒಂದೇ ಒಂದು ಸಲ ಯಾರಾದರೂ ಹೌದೆನ್ನಬೇಕಿತ್ತು, ಅಷ್ಟೆ. ಹೌದು ಎನ್ನಲು ಒಂದು ಉಸಿರು ಸಾಕಿತ್ತು. ಅವನು ಆ ಉಸಿರನ್ನು ಎಳೆದುಕೊಂಡ ಕೂಡ.

‘ಇಲ್ಲಕ್ಕಾ. ಕೇಳಿರ್ಲಿಲ್ಲ.’

ತನ್ನ ದನಿ ಅಷ್ಟು ಮೃದುವಾಗಿ ಬಂದದ್ದು ಕೇಳಿ ಅವನಿಗೇ ಭಯವಾಯಿತು. ರೋಗಿಯ ಜೊತೆ ಮಾತಾಡುವವರ ದನಿ ಅದು.

ಗಾಜಿನಕ್ಕ ತಲೆಯಾಡಿಸಿದಳು. ಜಗಳ ಆಡಲಿಲ್ಲ. ಹಾಗೆ ಜಗಳ ಆಡುವುದನ್ನು ಆಕೆ ಎಂದೋ ಬಿಟ್ಟಿದ್ದಳು. ‘ಹಾಗಿದ್ರೆ ಕೇಳಿರ್ಲಿಕ್ಕಿಲ್ಲ ಸಾರ್. ಆದ್ರೆ ನನಗೆ ಪೂರ್ತಿ ಕಣ್ಣಿಗೆ ಕಟ್ಟಿದ ಹಾಗಿದೆ. ಇವರು ಕೂತಿದ್ದು, ಚಹಾ ಕುಡೀತಿದ್ದಿದ್ದು, ಎಲ್ಲಾ.’ ತನ್ನ ಕೈಗಳನ್ನು ನೋಡಿಕೊಂಡಳು. ‘ಮೇಸ್ತ್ರಿ, ನನ್ನ ಪ್ಯಾಕಿಂಗಿಗೇ ಹಾಕ್ಬಿಡಿ. ಇಲ್ದೇ ಇರೋದು ಇಷ್ಟು ಚೆನ್ನಾಗಿ ಕಾಣೋ ಕಣ್ಣು, ಇರೋ ಗೀರನ್ನ ಏನು ನೋಡತ್ತೆ? ಯಾರದೋ ಕಣ್ಣಿಗೆ ಹೋಗೋ ಗಾಜು ಅದು.’

‘ಯೋಚನೆ ಮಾಡಮ್ಮ’ ಎಂದರು ಮೇಸ್ತ್ರಿ. ಬಾಗಿಲ ಹಿಡಿಯಿಂದ ಕೈ ತೆಗೆದಿದ್ದರು.

‘ಮಾಡಿದೆ.’

ರೂಲುದೊಣ್ಣೆಯವರು ಕಾಗದ ತಿರುಗಿಸಿ ಆಕೆಯ ಮುಂದೆ ತಳ್ಳಿದರು. ಸ್ವಂತ ಇಚ್ಛೆಯಿಂದ ಎಂದು ಒಂದು ಗೆರೆ, ಸಹಿಗೆ ಒಂದು ಗೆರೆ, ತಾರೀಕಿಗೂ ವೇಳೆಗೂ ಒಂದೊಂದು ಗೆರೆ. ಆಕೆ ಸಹಿ ಮಾಡಿದಳು, ದುಂಡಗೆ, ಅವಸರವಿಲ್ಲದೆ. ತಾರೀಕು ಬರೆದಳು. ವೇಳೆಯ ಗೆರೆಗೆ ಬಂದಾಗ ಪೆನ್ನು ನಿಂತಿತು. ಎದುರಿನ ಗೋಡೆಯ ಮೇಲೆ, ಆಕೆಯ ಮುಖಕ್ಕೆ ನೇರವಾಗಿ, ಊಟದ ತಟ್ಟೆಯಷ್ಟು ದೊಡ್ಡ ಗಡಿಯಾರವಿತ್ತು. ಆಕೆ ಅದನ್ನು ನೋಡಿದಳು, ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವನ ಕಡೆ ತಿರುಗಿದಳು.

‘ಈಗ ಟೈಮ್ ಎಷ್ಟು, ನೀವೇ ಹೇಳಿಬಿಡಿ’ ಎಂದಳು.

ಅವನು ಹೇಳಿದ. ಆಕೆ ಹಾಗೆಯೇ ಬರೆದುಕೊಂಡಳು.